ಹುಬ್ಬಿಗೆ ಯಾವ ವಾರ?

ಅರಸೀಕೆರೆ ಬಸ್ ಸ್ಟ್ಯಾಂಡಿನ ಹಿಂದೆ
ಅಪ್ಪ ಬರೆಸಿದ ಬೋರ್ಡು: ಶ್ರೀ ತಿರುಮಲ ಹೇರ್ ಡ್ರೆಸ್ಸಸ್.
ಪೇಂಟರು ಒಂದು ರಕಾರ ನುಂಗಿದ್ದ.
ಮೂವತ್ತೊಂದು ವರ್ಷ ಯಾರೂ ಕೇಳಲಿಲ್ಲ;
ತಲೆ ಕೊಡಲು ಬಂದವರು ತಲೆಬರಹ ಓದುವುದಿಲ್ಲ.

ಎರಡು ಕುರ್ಚಿ, ಎದುರುಬದುರು ಕನ್ನಡಿ.
ಒಂದರೊಳಗೊಂದು ನೂರು ಅಂಗಡಿ ಕಾಣುತ್ತಿದ್ದವು,
ಗಲ್ಲಾಪೆಟ್ಟಿಗೆ ಮಾತ್ರ ಒಂದೇ.

ಆಚೆ ಬೀದಿಗೆ ಗಾಜಿನ ಬಾಗಿಲಿನದೊಂದು ಬಂತು,
ಒಳಗೆ ಎ.ಸಿ., ಕಪ್ಪು ಟಿ-ಶರ್ಟಿನ ನಾಲ್ವರು ಹುಡುಗರು,
ಕಾಯುವವರಿಗೆ ಟೋಕನ್ನು, ಗ್ರೀನ್ ಟೀ.
ಕಾಲೇಜಿನ ತಲೆಗಳೆಲ್ಲ ಅತ್ತ ವಾಲಿದವು.
ನನಗುಳಿದದ್ದು ಕೊಬ್ಬರಿ ಮಂಡಿಯವರು,
ಹದಿನೈದು ಕೂದಲಿಗೆ ಅರ್ಧ ಗಂಟೆ ರೇಟಿನ ಮಾತು.

ನಾನೂ ಬಿಡಲಿಲ್ಲ.
ಸೊಸೈಟಿ ಸಾಲದಲ್ಲಿ ಏರಿಳಿಯುವ ಕುರ್ಚಿ ತಂದೆ;
ಮಕ್ಕಳು ಏರಿದರು, ಇಳಿದರು, ಮತ್ತೆ ಏರಿದರು,
ಲೆಕ್ಕ ಇಳಿದಲ್ಲೇ ಇತ್ತು.
ಶೇವಿಂಗಿನ ಜೊತೆ ಐದು ನಿಮಿಷ ಮಾಲೀಸು ಬಿಟ್ಟಿ ಎಂದೆ.
ಬಂದವರು ನಿದ್ದೆ ಹೋದರು.
ಎಬ್ಬಿಸಲು ಮನಸ್ಸಾಗದೆ ಟವೆಲ್ ಹಿಡಿದು ನಿಂತೆ,
ಹಿಂದೆ ಮೂರು ಜನ ಕಾದೂ ಕಾದೂ ಎದ್ದು ಹೋದರು.

ಒಂದು ಮಂಗಳವಾರ, ಷಟರ್ ಅರ್ಧ ಎಳೆದು
ಕತ್ತರಿಗೆ ಎಣ್ಣೆ ಬಿಡುತ್ತಿದ್ದೆ.
ಹೇಮಾವತಿ ಊಟ ತಂದಳು.
ಹೊಳೆನರಸೀಪುರದವಳು, ಹೊಳೆಯ ಹೆಸರೇ ಅವಳಿಗೆ.
ಮದುವೆಗೆ ಮುಂಚೆ ಆರು ತಿಂಗಳು ಬ್ಯೂಟಿಶಿಯನ್ ಕೋರ್ಸು,
ಸರ್ಟಿಫಿಕೇಟು ರೇಷನ್ ಕಾರ್ಡಿನ ಕವರಿನಲ್ಲಿ.
ಬಾಡಿಗೆ ಎಷ್ಟು ದಿನಕ್ಕೆ ಕೊಡ್ತೀರ?
ಮೂವತ್ತಕ್ಕೆ.
ದುಡಿಯೋದು?
ಇಪ್ಪತ್ತಾರು.
ಉಳಿದ ನಾಲ್ಕು ಯಾರ ಮನೇದು?
ಮಂಗಳವಾರ ಕಣೇ, ಕೂದಲು ತೆಗೀಬಾರದು,
ಅಪ್ಪ ತೆಗೀಲಿಲ್ಲ, ತಾತ ತೆಗೀಲಿಲ್ಲ.
ಅವಳು ಡಬ್ಬಿಯ ಮುಚ್ಚಳ ಬಿಚ್ಚಿ
ಮುದ್ದೆಯ ಪಕ್ಕ ಸಾರು ಬಗ್ಗಿಸಿ ಕೇಳಿದಳು:
ಕೂದಲಿಗೆ ಮಂಗಳವಾರ, ಸರಿ.
ಹುಬ್ಬಿಗೆ ಯಾವ ವಾರ?

ಸಂಜೆವರೆಗೂ ಉತ್ತರ ಸಿಗಲಿಲ್ಲ.
ಶಾಸ್ತ್ರ ಬಲ್ಲ ಗಿರಾಕಿ ಒಬ್ಬರಿದ್ದಾರೆ,
ಬುಧವಾರ ಅವರ ಗಲ್ಲಕ್ಕೆ ನೊರೆ ಹಚ್ಚಿ ಕೇಳಿದೆ.
ನೊರೆಯೊಳಗೆ ಅವರೂ ಮೌನ.

ಹಳೆಯ ಸೀರೆಯೊಂದು ಪರದೆಯಾಯಿತು.
ಗೋಡೆಯ ಕ್ರಿಕೆಟ್ಟಿನವರಿಗೂ ವಾರದ ರಜೆ,
ಅವರನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದಳು.
ಮೊದಲು ಬಂದವಳು ಡಿಪೋದ ಕಂಡಕ್ಟರ್ ಇಂದ್ರಾಣಿ,
ದುಡ್ಡು ಕೊಟ್ಟು, ಚಿಲ್ಲರೆ ಎಣಿಸಿಕೊಂಡೇ ಎದ್ದಳಂತೆ.
ಮರುವಾರ ಅವಳ ಹಿಂದೆ ಇಬ್ಬರು ನರ್ಸುಗಳು,
ಆಮೇಲೊಬ್ಬ ಮದುಮಗಳು, ಮದುಮಗಳ ಅತ್ತಿಗೆ,
ಅತ್ತಿಗೆಯ ಮಗನ ಟೀಚರು.

ಮಂಗಳವಾರ ನನ್ನ ಅಂಗಡಿಗೆ ನನಗೆ ಪ್ರವೇಶವಿಲ್ಲ.
ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂತು
ನನ್ನದೇ ಬಾಗಿಲನ್ನು ಹೊಸ ಗಿರಾಕಿಯ ಹಾಗೆ ನೋಡುತ್ತೇನೆ.
ಪರದೆಯಾಚೆ ನಗು.
ಆ ಗೋಡೆಗಳು ಎಲೆಕ್ಷನ್ನು ಕೇಳಿದ್ದವು,
ಕೊಬ್ಬರಿ ಕೇಳಿದ್ದವು, ಕೆಮ್ಮು ಕೇಳಿದ್ದವು.
ಇಂಥ ನಗು ಕೇಳಿರಲಿಲ್ಲ.
ಏನು ಮಾತಾಡ್ತೀರೇ ಅಂದರೆ
ಅದು ರೇಟಿಗೆ ಸೇರಿಲ್ಲ ಅನ್ನುತ್ತಾಳೆ.

ಅಪ್ಪ, ಹಸುಗೂಸಿನ ತಲೆಗೂ ಸೂತಕದ ತಲೆಗೂ
ಊರವರ ಹಿತ್ತಿಲ ಬಾಗಿಲಲ್ಲಿ ಕಾದು ನಿಂತವನು,
ಇದ್ದಿದ್ದರೆ ಬಯ್ಯುತ್ತಿದ್ದ.
ಇಲ್ಲ, ಪಕ್ಕದಲ್ಲೇ ಕೂತು
ನನ್ನ ಟೀಯಲ್ಲಿ ಅರ್ಧ ಕುಡಿಯುತ್ತಿದ್ದನೇನೋ.

ನಿನ್ನೆ ಆ ಪೇಂಟರನ ಮಗ ಬಂದಿದ್ದ. ಅಕ್ಷರಕ್ಕೆ ಎಂಬತ್ತು.
ಬಿಟ್ಟುಹೋದ ರಕಾರ ಹಾಕಲಾ ಅಣ್ಣ,
ಅದು ನಮ್ಮಪ್ಪನ ಸಾಲ, ದುಡ್ಡು ಬೇಡ ಅಂದ.
ಅದಿರಲಿ ಬಿಡು, ಅಭ್ಯಾಸವಾಗಿದೆ.
ಕೆಳಗೆ ಹೇಮಾವತಿ ಅಂತ ಬರಿ.
ನಾಲ್ಕೇ ಅಕ್ಷರ.
ಗುಣಿಸಿ ನೋಡಿದೆ: ಒಂದು ಮಧ್ಯಾಹ್ನದ ಹುಬ್ಬು.

ರಾತ್ರಿ ಗುಡಿಸುವುದು ನನ್ನ ಪಾಲು.
ಗಂಡಸರ ಕೂದಲು ಪೊರಕೆ ತಗುಲಿದರೆ ಸಾಕು,
ಉರುಳಿ ಬಂದು ಗುಡ್ಡೆಯಾಗುತ್ತದೆ.
ಇದು ಹಾಗಲ್ಲ.
ನೂಲಿನ ಎಳೆಗಳು, ಬಾಗಿದ ಒಂದು ಹೇರ್‌ಪಿನ್ನು,
ನಡುವೆಲ್ಲೋ ಹುಬ್ಬಿನ ಸಣ್ಣ ಪುಡಿ,
ನಮ್ಮೂರ ತೆಂಗಿನ ಕಡ್ಡಿಗೂ ಸಿಕ್ಕದು.
ಮಂಡಿಯೂರಿ, ಒದ್ದೆ ಬಟ್ಟೆಯಲ್ಲಿ
ಒತ್ತಿ ಒತ್ತಿ ತೆಗೆಯಬೇಕು.